ನುಣುಪು

ಟಾಂಗಾ ಪಟ್ಟಣ ದಾಟಿ, ಕೊರೋಗ್ವೆ ದಾರಿಯಲ್ಲಿ,
ಕತ್ತಾಳೆಯ ಸಾಲುಗಳು ಮುಗಿಯುವ ಕಡೆ
ತಗಡಿನ ಛಾವಣಿಯ ಒಂದು ಕೋಣೆ.
ಒಳಗೊಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ,
ನೀಲಿ ಬಕೆಟ್ಟಿನಲ್ಲಿ ನೂರಕ್ಕೆ ಐದು ಪಾಲು ಕಾಸ್ಟಿಕ್ ಸೋಡ,
ಅದರಲ್ಲಿ ಬೆಳಗಿನಿಂದ ನೆನೆಯುತ್ತಿದೆ
ಒಂದು ಹಿಡಿ ನಾರು.

ನಾರು ಹೊಳೆಯುತ್ತದೆ, ನಿಜ.
ತಂತಿಯ ಮೇಲೆ ಒಣಹಾಕಿದರೆ
ಮುದಿ ಕುದುರೆಯ ಬಾಲದ ಹಾಗೆ ಬೀಗುತ್ತದೆ.
ಆದರೆ ಅಂಟು ಕಂಡರೆ ಅದಕ್ಕಾಗದು.
ಮೈತುಂಬ ಮೇಣ.
ಕೆಸುವಿನೆಲೆಯ ಮೇಲಿನ ನೀರಿನಂತೆ
ರಾಳ ಬರುತ್ತದೆ, ಮುಟ್ಟುತ್ತದೆ,
ಉರುಳಿ ಹೋಗುತ್ತದೆ.

ಪಂಗಾನಿಯಲ್ಲಿ ದೋಣಿ ಕಟ್ಟುವ ಮ್ವಿಂಜುಮಾ
ನಮ್ಮ ಮೊದಲ ತೇಪೆಯನ್ನು ತಂದು ಮೇಜಿನ ಮೇಲೆಸೆದ.
ನಡುನೀರಿನಲ್ಲಿ ಕೈಬಿಟ್ಟಿತಂತೆ.
"ನಾರೂ ಗಟ್ಟಿ, ಅಂಟೂ ಗಟ್ಟಿ ಮಗಳೇ,
ಎರಡರ ನಡುವೆ ಮಾತುಕತೆಯಿಲ್ಲ."
ಮುರಿದ ಅಂಚನ್ನು ಗಾಜಿನ ಕೆಳಗಿಟ್ಟು ನೋಡಿದೆ.
ಎಳೆ ಹರಿದಿರಲಿಲ್ಲ, ಒಂದೂ.
ಜಾರಿ ಹೊರಬಂದಿತ್ತು.
ಹಿಂದೆ ಉಳಿದದ್ದು ದುಂಡನೆಯ ತೂತು,
ಹಾವು ಬಿಟ್ಟುಹೋದ ಬಿಲದಷ್ಟು ಸ್ವಚ್ಛ.

ಆಮೇಲೆ ಏಳು ತಿಂಗಳು.
ಹತ್ತು ಪಾಲು ಹಾಕಿ ಒಂದು ರಾತ್ರಿ ಮರೆತೆ,
ಬೆಳಿಗ್ಗೆ ನಾರೆಲ್ಲ ಬೆಂದ ಶಾವಿಗೆ.
ಎರಡು ಪಾಲಿಗೆ ಅದಕ್ಕೆ ಏನೂ ಅನ್ನಿಸಲೇ ಇಲ್ಲ.
ಐದು ಪಾಲು, ನಾಲ್ಕು ಗಂಟೆ,
ಮತ್ತೆ ಹುಳಿನೀರಿನಲ್ಲಿ ಒಂದು ಅದ್ದು,
ಕೈಗೆ ಜಾರು ಹತ್ತದ ತನಕ ತೊಳೆದು ತೊಳೆದು.
ಈಗ ಗಾಜಿನ ಕೆಳಗೆ ಮೇಣ ಕಳೆದ ಮೈ:
ಗೀರು, ಕುಳಿ, ಸಣ್ಣ ಸೀಳು,
ಬಾಚಿಯಲ್ಲಿ ಕೆತ್ತಿಟ್ಟ ಹಲಗೆಯ ಒರಟು.
ನೋಡಿದವರು ಕೆಡಿಸಿದಳು ಅನ್ನಬೇಕು, ಹಾಗೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು
ಎಂದವರು ಈ ಗಿಡವನ್ನು ಕಂಡಿರಲಿಕ್ಕಿಲ್ಲ.
ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು
ನಿಂತಲ್ಲೇ ಸಾಯುತ್ತದೆ.
ಅಷ್ಟರೊಳಗೆ ಕತ್ತಿ ಬಂದಿರುತ್ತದೆ ಎಲೆಗೆ.
ಇಲ್ಲಿ ನಾರು ಒಂಟಿಯಾಗಿಯೇ ಹೋಗಬೇಕು,
ಎಲ್ಲಿಗೆ ಹೋದರೂ.

ಅಮ್ಮ ಮೂವತ್ತೊಂದು ವರ್ಷ
ಇದೇ ತೋಟದ ಬ್ರಷ್ ಯಂತ್ರದ ಮುಂದೆ ನಿಂತವಳು.
ಹಸಿರು ರಸಕ್ಕೆ ಮೊಣಕೈತನಕ ತುರಿಕೆ.
ಕಟ್ಟು ಕಟ್ಟು ನಾರು ಎಳೆದೂ ಎಳೆದೂ
ಬೆರಳ ತುದಿಗಳು ಹೊಳೆಯ ಕಲ್ಲಾಗಿವೆ.
ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದ ದಿನ
ಹುಡುಗ ಯಂತ್ರದ ಗಾಜನ್ನು ಮೂರು ಸಲ ಒರೆಸಿದ.
ಹೆಬ್ಬೆರಳು. ತೋರುಬೆರಳು. ಮತ್ತೆ ಹೆಬ್ಬೆರಳು.
"ಬೀಬಿ, ಇಲ್ಲಿ ಯಾರೂ ಕಾಣಿಸುತ್ತಿಲ್ಲ."
ಅವಳು ಕೈಯನ್ನು ಕಾಂಗಾದ ಸೆರಗಿಗೆ ಒರೆಸಿಕೊಂಡು,
ತಪ್ಪು ಕೈ ತಂದವಳ ಹಾಗೆ,
ಹಿಂದಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.

ನಾನೂ ಅಲ್ಲೇ ಇದ್ದೆ. ಏನೂ ಹೇಳಲಿಲ್ಲ.

ನಾರು ಅವಳ ಗೆರೆಗಳನ್ನು ಉಜ್ಜಿಕೊಂಡು ಹೋಯಿತು.
ನಾನು ನಾರಿಗೆ ಗೆರೆ ಎಳೆಯುತ್ತಿದ್ದೇನೆ.
ಲೆಕ್ಕ ಚುಕ್ತಾ ಆಯಿತು ಎನ್ನಲಾರೆ;
ಯಾವ ವಹಿಯಲ್ಲಿದೆ ಆ ಲೆಕ್ಕ,
ಅದೂ ನನಗೆ ಗೊತ್ತಿಲ್ಲ.

ನಿನ್ನೆ ಹೊಸ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ಎಳೆದೆವು.
ಮುಳ್ಳು ಏರಿತು, ಇನ್ನೂ ಏರಿತು,
ಟಕ್ ಎಂದಿತು.
ಈ ಸಲ ತೂತಿಲ್ಲ.
ಎಳೆ ಅರ್ಧಕ್ಕೆ ತುಂಡಾಗಿತ್ತು,
ಉಳಿದರ್ಧ ಅಂಟಿನೊಳಗೇ,
ಹಲ್ಲು ಕಚ್ಚಿಕೊಂಡು.
ಮ್ವಿಂಜುಮಾ ಬೆರಳ ಗಿಣ್ಣಿನಲ್ಲಿ ಕುಟ್ಟಿ, ಕಿವಿಗೊಟ್ಟು,
ದುಡ್ಡಿನ ಮಾತೆತ್ತದೆ ಎರಡು ತೇಪೆ ಎತ್ತಿಕೊಂಡು ಹೋದ.

ಸಂಜೆ ಬುತ್ತಿ ತಂದ ಅಮ್ಮ
ತಂತಿಯ ಮೇಲಿನ ನಾರನ್ನು ಹಳೆ ರೂಢಿಯಿಂದ ಸವರಿದಳು.
ಕೈ ಅರ್ಧಕ್ಕೆ ನಿಂತಿತು.
ಒಂದು ಎಳೆ ಅವಳ ಹೆಬ್ಬೆರಳ ತುದಿಗೆ
ಸಿಕ್ಕಿಕೊಂಡಿತ್ತು.
"ಹಿಡಿದುಕೊಳ್ಳುತ್ತದಲ್ಲೇ ಇದು," ಅಂದಳು,
ಬಿಡಿಸಿಕೊಳ್ಳದೆ.

ಬಕೆಟ್ಟಿನ ನೀರು ಚೆಲ್ಲಲು
ನಾನು ಹೊರಗೆ ಹೋದೆ.